ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಿರಿಯ ನಾಗರಿಕರು: ಜನಸಂಖ್ಯೆ, ಜೀವನಾಧಾರ ಹಾಗೂ ಭೂ ದಾಖಲೆ – ಒಂದು ವಿಶ್ಲೇಷಣೆ

ಪೀಠಿಕೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯು 1986ರ ಆಗಸ್ಟ್ 15 ರಂದು ಅಸ್ತಿತ್ವಕ್ಕೆ ಬಂದಿತು. 2007ರಲ್ಲಿ ರಾಮನಗರ ಜಿಲ್ಲೆಯು ಪ್ರತ್ಯೇಕಗೊಂಡ ತರುವಾಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಈ ಜಿಲ್ಲೆಯಲ್ಲಿ ಉಳಿದಿರುತ್ತವೆ. ರಾಜಧಾನಿಗೆ ಹೊಂದಿಕೊಂಡಿರುವ ಕಾರಣ ಇಲ್ಲಿನ ಜಮೀನಿನ ಬೆಲೆಯು ಕಳೆದ ಎರಡು ದಶಕಗಳಲ್ಲಿ ಬಹುವಾಗಿ ಏರಿದೆ. ಆದರೆ ಸದರಿ ಜಮೀನಿನ ಒಡೆಯರಲ್ಲಿ ಅನೇಕರು ಅರವತ್ತು ದಾಟಿದವರಾಗಿದ್ದು, ಅವರ ತಿಂಗಳ ಕೈಖರ್ಚು ಹಾಲಿನ ಬಟವಾಡೆಯನ್ನೂ ಮಾಸಾಶನವನ್ನೂ ಅವಲಂಬಿಸಿರುತ್ತದೆ. ಆಸ್ತಿ ಹೆಚ್ಚಿದ್ದರೂ ಕೈಯಲ್ಲಿ ಹಣವಿಲ್ಲದ ಈ ಸ್ಥಿತಿಗೆ ಕಾರಣಗಳನ್ನೂ, ಅದರಿಂದ ಹಿರಿಯರಿಗೆ ಒದಗಬಹುದಾದ ಅಪಾಯವನ್ನೂ, ಅರ್ಜಿದಾರರು ಅನುಸರಿಸಬೇಕಾದ ಕ್ರಮಗಳನ್ನೂ ಈ ಕೆಳಗೆ ವಿವರಿಸಲಾಗಿದೆ.

1. ಜನಸಂಖ್ಯೆಯ ಸ್ವರೂಪ

ಈಗಿನ ನಾಲ್ಕು ತಾಲ್ಲೂಕುಗಳ ಜನಸಂಖ್ಯೆಯು 2001ರಲ್ಲಿ 8,50,968 ಇದ್ದು, 2011ರ ಜನಗಣತಿಯ ವೇಳೆಗೆ 9,90,923 ಕ್ಕೆ ಏರಿತ್ತು. ಇವರಲ್ಲಿ ಸುಮಾರು ಮುಕ್ಕಾಲು ಪಾಲು ಜನರು ಗ್ರಾಮವಾಸಿಗಳಾಗಿದ್ದರು. ಅದೇ ಜನಗಣತಿಯಂತೆ ದೇಶದಲ್ಲಿ 60 ವರ್ಷ ಮೇಲ್ಪಟ್ಟವರ ಪ್ರಮಾಣ ಶೇಕಡ 8.6 ಇದ್ದರೆ, ಕರ್ನಾಟಕದಲ್ಲಿ ಶೇಕಡ 9.5 ಇತ್ತು. ರಾಜ್ಯದ ಈ ಸರಾಸರಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ಜಿಲ್ಲೆಯಲ್ಲಿ ಅಂದು ಸುಮಾರು 94 ಸಾವಿರ ಹಿರಿಯರು ಇದ್ದರೆಂದು ಲೆಕ್ಕ ಹಾಕಬಹುದಾಗಿದೆ. ಅಧಿಕೃತ ಮುನ್ನಂದಾಜಿನಂತೆ ರಾಜ್ಯದಲ್ಲಿ ಹಿರಿಯರ ಪ್ರಮಾಣವು 2021ಕ್ಕೆ ಶೇಕಡ 11.5 ಆಗಿದ್ದು, 2031ಕ್ಕೆ ಶೇಕಡ 15 ಕ್ಕೆ ತಲುಪಲಿದೆ. ಅಂದರೆ ಆ ವೇಳೆಗೆ ರಾಜ್ಯದ ಪ್ರತಿ ಏಳು ಜನರಲ್ಲಿ ಒಬ್ಬರು ಅರವತ್ತು ದಾಟಿದವರಾಗಿರುತ್ತಾರೆ.

ಈ ಏರಿಕೆಗೆ ಆಯುಷ್ಯದ ಹೆಚ್ಚಳದೊಂದಿಗೆ ಜನನ ಪ್ರಮಾಣದ ಇಳಿಕೆಯೂ ಕಾರಣವಾಗಿದೆ. 2019-20ರಲ್ಲಿ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಈಗ ಎಪ್ಪತ್ತು ದಾಟಿರುವ ತಂದೆ-ತಾಯಿಗೆ ನಾಲ್ಕೈದು ಮಕ್ಕಳಿರುವುದು ಸಾಮಾನ್ಯ. ಐವತ್ತರ ಆಸುಪಾಸಿನವರಿಗೆ ಇಬ್ಬರೇ ಮಕ್ಕಳು. ನೋಡಿಕೊಳ್ಳುವ ಕೈಗಳು ಒಂದೇ ತಲೆಮಾರಿನಲ್ಲಿ ಅರ್ಧಕ್ಕೆ ಇಳಿದಿವೆ.

ಇನ್ನೊಂದು ಅಂಶವನ್ನೂ ಗಮನಿಸಬೇಕಾಗುತ್ತದೆ. 2011ರ ಜನಗಣತಿಯಂತೆ ದೇಶದ ಹಿರಿಯರಲ್ಲಿ 1000 ಪುರುಷರಿಗೆ 1033 ಮಹಿಳೆಯರಿದ್ದರು. ಪತಿಯು ವಯಸ್ಸಿನಲ್ಲಿ ಹಿರಿಯನಾಗಿರುವುದರಿಂದಲೂ, ಮಹಿಳೆಯರ ಆಯುಷ್ಯ ಹೆಚ್ಚಿರುವುದರಿಂದಲೂ, ಹಿರಿಯ ವಯೋಮಾನದಲ್ಲಿ ವಿಧವೆಯರೇ ಹೆಚ್ಚಾಗಿ ಕಂಡುಬರುತ್ತಾರೆ. ಜಮೀನು ಪತಿಯ ಅಥವಾ ಮಾವನ ಹೆಸರಿನಲ್ಲಿದ್ದು, ಪಹಣಿಯಲ್ಲಿ ಹೆಸರಿಲ್ಲದೆ ಬದುಕುತ್ತಿರುವವರು ಬಹುತೇಕ ಇವರೇ ಆಗಿರುತ್ತಾರೆ.

2. ನಿವೃತ್ತಿಯಿಲ್ಲದ ದುಡಿಮೆ

ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸನ್ನು 2008ರಲ್ಲಿ 58 ರಿಂದ 60 ವರ್ಷಕ್ಕೆ ಹೆಚ್ಚಿಸಲಾಯಿತು. ರೈತನಿಗೂ ನೇಕಾರನಿಗೂ ಇಂತಹ ದಿನಾಂಕವೆಂಬುದು ಇರುವುದಿಲ್ಲ. 2011ರ ಜನಗಣತಿಯಂತೆ ದೇಶದ ಗ್ರಾಮೀಣ ಭಾಗದಲ್ಲಿ ಹಿರಿಯ ಪುರುಷರ ಪೈಕಿ ಶೇಕಡ 66 ಹಾಗೂ ಹಿರಿಯ ಮಹಿಳೆಯರ ಪೈಕಿ ಶೇಕಡ 28 ರಷ್ಟು ಜನರು ದುಡಿಯುತ್ತಿದ್ದರು. ನಗರಗಳಲ್ಲಿ ಈ ಪ್ರಮಾಣ ಬಹಳ ಕಡಿಮೆ.

ಜಿಲ್ಲೆಯ ಯುವಕರು ದೂರದ ಊರುಗಳಿಗೆ ವಲಸೆ ಹೋಗುವುದಕ್ಕಿಂತ ಹೆಚ್ಚಾಗಿ ದೊಡ್ಡಬಳ್ಳಾಪುರದ ಉಡುಪು ಕಾರ್ಖಾನೆ, ದಾಬಸ್‌ಪೇಟೆ ಮತ್ತು ಹೊಸಕೋಟೆಯ ಕೈಗಾರಿಕಾ ಪ್ರದೇಶ, ದೇವನಹಳ್ಳಿಯ ವಿಮಾನ ನಿಲ್ದಾಣ ಮುಂತಾದೆಡೆ ಪಾಳಿಯ ಕೆಲಸಕ್ಕೆ ಹೋಗಿ ಬರುತ್ತಾರೆ. ಆದುದರಿಂದ ಇಲ್ಲಿನ ಹಳ್ಳಿಗಳಲ್ಲಿ ಬೀಗ ಹಾಕಿದ ಮನೆಗಳು ಕಡಿಮೆ. ಆದರೆ ಹಗಲು ಹೊತ್ತಿನಲ್ಲಿ ಮನೆಯಲ್ಲಿಯೂ ಹೊಲದಲ್ಲಿಯೂ ಇರುವವರು ಹಿರಿಯರೇ. ರಾಗಿ ಬಿತ್ತನೆ, ಹಸುವಿನ ಮೇವು, ಹೂವು ಬಿಡಿಸುವುದು, ಶಾಲೆಯಿಂದ ಬಂದ ಮೊಮ್ಮಕ್ಕಳ ಆರೈಕೆ ಇವೆಲ್ಲವೂ ಅವರ ಪಾಲಿಗೆ ಬಂದಿರುತ್ತವೆ. ಈ ದುಡಿಮೆಗೆ ಕೂಲಿಯ ಲೆಕ್ಕವಿಲ್ಲ.

ಇವರ ಆದಾಯದ ಮೂಲಗಳನ್ನು ಈ ಕೆಳಕಂಡಂತೆ ವಿಂಗಡಿಸಬಹುದಾಗಿದೆ.

(ಅ) ಹಾಲು: ಹಸುವೊಂದಿದ್ದರೆ ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಲು ಹಾಕಬಹುದು, ಹಾಲು ಹಾಕುವವರಿಗೆ ಪಹಣಿ ಬೇಕಾಗುವುದಿಲ್ಲ. ಭೂಮಿಯ ದಾಖಲೆಯನ್ನು ಕೇಳದೆ ಹಿರಿಯರ ಕೈಗೆ ನಿಯಮಿತವಾಗಿ ಹಣ ತರುವ ಕಸುಬು ಇದಾಗಿರುತ್ತದೆ. ಆದರೆ ಹಸು ಕಟ್ಟಲು ಮೈಯಲ್ಲಿ ಕಸುವು ಇರಬೇಕು. ಎಪ್ಪತ್ತೈದರ ನಂತರ ಈ ಆದಾಯ ಸಾಮಾನ್ಯವಾಗಿ ನಿಂತುಹೋಗುತ್ತದೆ.

(ಆ) ಬೆಳೆ: ರಾಗಿಯು ಮನೆಯ ಊಟಕ್ಕಾದರೆ, ದ್ರಾಕ್ಷಿ, ಹಿಪ್ಪುನೇರಳೆ, ಹೂವು ಮತ್ತು ತರಕಾರಿಗಳು ಮಾರಾಟಕ್ಕೆ. ದೇವನಹಳ್ಳಿ ಚಕ್ಕೋತ ಹಾಗೂ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಆದರೆ ಕೊಳವೆಬಾವಿ ಆಳಕ್ಕಿಳಿದಂತೆ ತೋಟದ ಖರ್ಚು ಏರಿದ್ದು, ವಯಸ್ಸಾದವರು ಗುತ್ತಿಗೆಗೆ ಕೊಡುವುದೋ ಬೀಳು ಬಿಡುವುದೋ ಮಾಡುತ್ತಾರೆ.

(ಇ) ಬಾಡಿಗೆ: ಕಾರ್ಖಾನೆಗಳ ಸಮೀಪದ ಗ್ರಾಮಗಳಲ್ಲಿ ಸಾಲು ಕೊಠಡಿಗಳನ್ನು ಕಟ್ಟಿಸಿ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟವರು ನೆಮ್ಮದಿಯಾಗಿದ್ದಾರೆ. ರಸ್ತೆಯಿಂದ ದೂರದ ಗ್ರಾಮಗಳಿಗೆ ಈ ಅನುಕೂಲ ಇರುವುದಿಲ್ಲ.

(ಈ) ಮಗ್ಗ: ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಿ ದುಡಿದವರಿಗೆ ಕಣ್ಣು ಮಂಜಾದಾಗ ಕೆಲಸ ನಿಲ್ಲುತ್ತದೆ. ಭೂಮಿಯೂ ಇಲ್ಲದ ಇವರಿಗೆ ಮಾಸಾಶನವೇ ಮುಖ್ಯ ಆಸರೆ.

3. ಸರ್ಕಾರದಿಂದ ದೊರೆಯುವ ನಗದು ನೆರವು

ರಾಜ್ಯ ಸರ್ಕಾರವು 2007ರಲ್ಲಿ ಜಾರಿಗೊಳಿಸಿದ ಸಂಧ್ಯಾ ಸುರಕ್ಷಾ ಯೋಜನೆಯು 65 ವರ್ಷ ಮೇಲ್ಪಟ್ಟ ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕಾರ್ಮಿಕರು, ನೇಕಾರರು ಹಾಗೂ ಅಸಂಘಟಿತ ವಲಯದ ಕಾರ್ಮಿಕರಿಗೆ ಅನ್ವಯವಾಗುತ್ತದೆ. ಆರಂಭದಲ್ಲಿ ಮಾಹೆಯಾನ ರೂ. 400/- ಇದ್ದ ಮಾಸಾಶನವು 2021ರಲ್ಲಿ ರೂ. 1,200/- ಆಯಿತು, ಅಂದರೆ ದಿನವೊಂದಕ್ಕೆ ರೂ. 40/-. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನಕ್ಕೆ ಬಡತನ ರೇಖೆಗಿಂತ ಕೆಳಗಿರುವ 60 ವರ್ಷ ಮೇಲ್ಪಟ್ಟವರು ಅರ್ಹರು. ಇದರಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ ರೂ. 200/- ಹಾಗೂ 80 ವರ್ಷದ ನಂತರ ರೂ. 500/- ಇದ್ದು, ಉಳಿದ ಮೊತ್ತವನ್ನು ರಾಜ್ಯ ಸರ್ಕಾರ ಭರಿಸುತ್ತದೆ.

2023ರ ಆಗಸ್ಟ್ 30 ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯಡಿ ಕುಟುಂಬದ ಯಜಮಾನಿಗೆ ಮಾಹೆಯಾನ ರೂ. 2,000/- ನಿಗದಿಯಾಗಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಮಹಿಳೆಯೇ ಕುಟುಂಬದ ಮುಖ್ಯಸ್ಥೆಯಾಗಿರುತ್ತಾಳೆ. ಈ ಕಾರಣದಿಂದ ಅನೇಕ ಮನೆಗಳಲ್ಲಿ ಅತ್ತೆಯ ಹೆಸರಿಗೆ, ಜೀವನದಲ್ಲಿ ಮೊದಲ ಬಾರಿಗೆ, ಮಾಸಾಶನಕ್ಕಿಂತ ಹೆಚ್ಚಿನ ಮೊತ್ತ ಬರುವಂತಾಯಿತು. ಇದು ಹಿರಿಯ ಮಹಿಳೆಯ ಸ್ಥಾನವನ್ನು ಬಲಪಡಿಸಿರುವುದರ ಜೊತೆಗೆ, ಅತ್ತೆ-ಸೊಸೆಯರ ನಡುವೆ ಹಣವು ಯಾರ ಖಾತೆಗೆ ಸೇರಬೇಕೆಂಬ ಪ್ರಶ್ನೆಯನ್ನೂ ಹುಟ್ಟುಹಾಕಿದೆ.

4. ಭೂಮಿಯ ಬೆಲೆ ಮತ್ತು ಹಿರಿಯರ ಸ್ಥಿತಿ

ಸುಮಾರು 4,000 ಎಕರೆಯಲ್ಲಿ ನಿರ್ಮಾಣಗೊಂಡ ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು 2008ರ ಮೇ 24 ರಂದು ಕಾರ್ಯಾರಂಭ ಮಾಡಿತು. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ, ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಲು ಇದ್ದ ನಿರ್ಬಂಧಗಳು ತೆರವಾದವು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೂಲಕ ಹೊಸಕೋಟೆಗೆ ಹೋಗುವ ಹೆದ್ದಾರಿಯು 2024ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡು, ನಾಲ್ಕೂ ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಇವುಗಳ ಒಟ್ಟು ಪರಿಣಾಮವಾಗಿ ರಾಗಿ ಹೊಲವು ಬೆಳೆಯ ಲೆಕ್ಕದಿಂದ ನಿವೇಶನದ ಲೆಕ್ಕಕ್ಕೆ ಬಂದಿದೆ.

ಭೂಮಿಯು ಹಿರಿಯರಿಗೆ ಏನಾಗಿದೆ ಎಂಬುದಕ್ಕೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಪ್ರಕರಣವು ನಿದರ್ಶನವಾಗಿದೆ. ಇಲ್ಲಿನ 13 ಗ್ರಾಮಗಳ 1,777 ಎಕರೆ ಜಮೀನನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವನೆಯ ವಿರುದ್ಧ ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೀರಿ ಧರಣಿ ನಡೆಸಿದರು. 2025ರ ಜುಲೈ 15 ರಂದು ಮುಖ್ಯಮಂತ್ರಿಗಳು ಭೂಸ್ವಾಧೀನವನ್ನು ಕೈಬಿಡುವ ತೀರ್ಮಾನವನ್ನು ಪ್ರಕಟಿಸಿದರು. ಸ್ವಇಚ್ಛೆಯಿಂದ ಜಮೀನು ಕೊಡಲು ಬಯಸುವವರಿಗೆ ಮಾತ್ರ ಅವಕಾಶ ಉಳಿಸಲಾಯಿತು. ಪರಿಹಾರದ ಮೊತ್ತವು ಎಷ್ಟೇ ದೊಡ್ಡದಾಗಿದ್ದರೂ ಮಕ್ಕಳಲ್ಲಿ ಹಂಚಿಹೋಗುತ್ತದೆ. ಹೊಲವಾದರೋ ಇರುವಷ್ಟು ಕಾಲ ಊಟವನ್ನೂ, ಮನೆಯಲ್ಲಿ ಮಾತಿಗೆ ತೂಕವನ್ನೂ ಕೊಡುತ್ತದೆ. ಬೇರೆ ಕಸುಬು ಕಲಿಯುವ ವಯಸ್ಸು ಮೀರಿದವರಿಗೆ ಈ ವ್ಯತ್ಯಾಸ ಚಿಕ್ಕದಲ್ಲ.

ಉದಾಹರಣೆಗೆ, 72 ವರ್ಷದ ವಿಧವೆಯೊಬ್ಬರ ಸ್ವಾಧೀನದಲ್ಲಿ ಎರಡು ಎಕರೆ ಜಮೀನಿದ್ದು, ಪಹಣಿಯು ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡ ಮಾವನವರ ಹೆಸರಿನಲ್ಲಿಯೇ ಇದೆಯೆಂದು ಭಾವಿಸೋಣ. ಜಮೀನಿನ ಬೆಲೆ ಕೋಟಿಗಳಲ್ಲಿದ್ದರೂ ಬೆಳೆ ಸಾಲ, ಬೆಳೆ ಪರಿಹಾರ, ವಾರ್ಷಿಕ ರೂ. 6,000/- ನೀಡುವ ಪಿ.ಎಂ. ಕಿಸಾನ್ ನೆರವು ಇವು ಯಾವುವೂ ಅವರಿಗೆ ಸುಲಭವಾಗಿ ದೊರೆಯುವುದಿಲ್ಲ. ಜಮೀನು ಸ್ವಾಧೀನವಾದರೆ, ಹಕ್ಕಿನ ತಕರಾರಿನಿಂದಾಗಿ ಪರಿಹಾರದ ಹಣವು ನ್ಯಾಯಾಲಯದಲ್ಲಿ ಠೇವಣಿಯಾಗಿ ಉಳಿಯಬಹುದು. ಮೈದುನನ ಮಕ್ಕಳು ಕರಾರಿಗೆ ಸಹಿ ಹಾಕೆಂದು ಬಂದಾಗ, ತಮ್ಮ ಪಾಲು ಎಷ್ಟೆಂಬುದೇ ಅವರಿಗೆ ತಿಳಿದಿರುವುದಿಲ್ಲ. ಇಲ್ಲಿ ಕೊರತೆಯಿರುವುದು ಆಸ್ತಿಯದಲ್ಲ, ದಾಖಲೆಯದು.

5. ದಾನಪತ್ರ ಮತ್ತು ಪೋಷಣೆಯ ಹಕ್ಕು

ವಯಸ್ಸಾದ ತಂದೆ-ತಾಯಿಯು ನಂಬಿಕೆಯ ಮೇಲೆ ಜಮೀನನ್ನು ಮಗನಿಗೋ ಮಗಳಿಗೋ ದಾನಪತ್ರದ ಮೂಲಕ ಬರೆದುಕೊಟ್ಟು, ತರುವಾಯ ಅನ್ನಕ್ಕೂ ಔಷಧಿಗೂ ಕೈಚಾಚುವ ಪ್ರಸಂಗಗಳಿಗೆ ಪರಿಹಾರವಾಗಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ಜಾರಿಯಲ್ಲಿದೆ. ಇದರಡಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದಾಗಿದ್ದು, ಮಾಹೆಯಾನ ಗರಿಷ್ಠ ರೂ. 10,000/- ದವರೆಗೆ ಜೀವನಾಂಶವನ್ನು ಆದೇಶಿಸಲು ಅವಕಾಶವಿದೆ. ಎದುರುದಾರರಿಗೆ ನೋಟೀಸು ಜಾರಿಯಾದ 90 ದಿನಗಳೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಬೇಕೆಂದೂ, ವಿಶೇಷ ಸಂದರ್ಭದಲ್ಲಿ 30 ದಿನ ವಿಸ್ತರಿಸಬಹುದೆಂದೂ ಕಾಯ್ದೆಯು ಹೇಳುತ್ತದೆ.

ಸದರಿ ಕಾಯ್ದೆಯ 23ನೇ ಪ್ರಕರಣವು ಬಹಳ ಮುಖ್ಯವಾದುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ವರ್ಗಾಯಿಸಿದ ಆಸ್ತಿಯನ್ನು ಪಡೆದವರು ಆ ಷರತ್ತನ್ನು ಪಾಲಿಸದಿದ್ದಲ್ಲಿ, ನ್ಯಾಯಮಂಡಳಿಯು ವರ್ಗಾವಣೆಯನ್ನು ರದ್ದೆಂದು ಘೋಷಿಸಬಹುದು. ಆದರೆ ಅಂತಹ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರ್‌ನ ತೀರ್ಪೊಂದರಲ್ಲಿ ಹೇಳಿದೆ. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಈ ಕಾಯ್ದೆಯನ್ನು ಹಿರಿಯರ ಹಿತಕ್ಕೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದು ತಿಳಿಸಿದೆ. ಆ ಪ್ರಕರಣದಲ್ಲಿ ಮಗನು ಬರೆದುಕೊಟ್ಟಿದ್ದ ವಚನಪತ್ರವು ತಾಯಿಯ ನೆರವಿಗೆ ಬಂದಿತು. ಎರಡೂ ತೀರ್ಪುಗಳಿಂದ ಸಾರ್ವಜನಿಕರು ತಿಳಿಯಬೇಕಾದುದು ಒಂದೇ: ಬಾಯಿಮಾತು ಸಾಲದು, ಷರತ್ತು ಬರಹದಲ್ಲಿರಬೇಕು.

6. ಅರ್ಜಿದಾರರ ಗಮನಕ್ಕೆ

1) ಪಹಣಿಯು ಮೃತರ ಹೆಸರಿನಲ್ಲಿದ್ದಲ್ಲಿ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷದೊಂದಿಗೆ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳೂ ಸೇರಿದಂತೆ ಎಲ್ಲ ವಾರಸುದಾರರ ಹೆಸರು ಇರಬೇಕು. ಒಬ್ಬರನ್ನು ಬಿಟ್ಟರೂ ಮುಂದೆ ದಾವೆಗೆ ದಾರಿಯಾಗುತ್ತದೆ.

2) ಖಾತೆ ಬದಲಾವಣೆಯು ತಾನೇ ಮಾಲೀಕತ್ವವನ್ನು ಸೃಷ್ಟಿಸುವುದಿಲ್ಲ. ವಿಭಾಗ ಪತ್ರ, ಉಯಿಲು ಮುಂತಾದ ಮೂಲ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

3) ದಾನಪತ್ರವನ್ನು ಬರೆದುಕೊಡುವುದೇ ಆದಲ್ಲಿ, ಜೀವಿತಾವಧಿಯವರೆಗೆ ಊಟ, ವಸತಿ ಮತ್ತು ವೈದ್ಯಕೀಯ ವೆಚ್ಚ ನೋಡಿಕೊಳ್ಳುವ ಷರತ್ತನ್ನು ಪತ್ರದಲ್ಲಿಯೇ ನಮೂದಿಸುವುದು ಕ್ಷೇಮಕರ. ಉಯಿಲು ಮರಣಾನಂತರವಷ್ಟೇ ಜಾರಿಗೆ ಬರುವುದರಿಂದ, ಬರೆದವರು ಬದುಕಿರುವವರೆಗೆ ಅದನ್ನು ಬದಲಾಯಿಸಬಹುದಾಗಿದೆ.

4) ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನುಗಳನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆಯು ನಿಷೇಧಿಸಿರುತ್ತದೆ. ಖಾಲಿ ಕಾಗದಕ್ಕಾಗಲಿ, ಓದಿ ಹೇಳದ ಪತ್ರಕ್ಕಾಗಲಿ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು.

5) ಮಾಸಾಶನಕ್ಕೆ ಅರ್ಜಿ ಸಲ್ಲಿಸುವವರು ಆಧಾರ್, ಪಡಿತರ ಚೀಟಿ ಹಾಗೂ ಬ್ಯಾಂಕ್ ಅಥವಾ ಅಂಚೆ ಖಾತೆಯಲ್ಲಿ ಹೆಸರು ಒಂದೇ ರೀತಿ ಇರುವುದನ್ನೂ, ಖಾತೆಗೆ ಆಧಾರ್ ಜೋಡಣೆಯಾಗಿರುವುದನ್ನೂ ಖಚಿತಪಡಿಸಿಕೊಳ್ಳುವುದು. ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿ ಪತ್ರವನ್ನು ಪಡೆಯತಕ್ಕದ್ದು.

6) ಹಿರಿಯ ನಾಗರಿಕರಿಗೆ ತೊಂದರೆಯಾದಲ್ಲಿ ರಾಷ್ಟ್ರೀಯ ಸಹಾಯವಾಣಿ 14567 ಕ್ಕೆ ಉಚಿತವಾಗಿ ಕರೆ ಮಾಡಬಹುದಾಗಿದೆ.

ಉಪಸಂಹಾರ

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ನ್ನು ಉಲ್ಲೇಖ ದಿನಾಂಕವಾಗಿ ನಿಗದಿಪಡಿಸಲಾಗಿದ್ದು, ಅದರ ಅಂಕಿ-ಅಂಶಗಳಿಂದ ಜಿಲ್ಲೆಯ ಹಿರಿಯರ ನಿಖರವಾದ ಸಂಖ್ಯೆ ತಿಳಿದುಬರಲಿದೆ. ಆದರೆ ಅಂಕಿಗಳು ಬರುವವರೆಗೆ ವಯಸ್ಸು ಕಾಯುವುದಿಲ್ಲ. ಮಾಸಾಶನವು ಕೈಖರ್ಚಿಗೆ ನೆರವಾದೀತೇ ಹೊರತು ಮುಪ್ಪಿನ ಪೂರ್ಣ ಭದ್ರತೆಯಾಗಲಾರದು. ಈ ಜಿಲ್ಲೆಯಲ್ಲಿ ಜಮೀನುಳ್ಳ ಹಿರಿಯರ ನಿಜವಾದ ಭದ್ರತೆಯು ಅವರ ಹೊಲದಲ್ಲಿದೆ. ಆ ಹೊಲವು ಅವರದೇ ಎಂದು ಹೇಳುವ ಕಾಗದವು ಸರಿಯಾಗಿದ್ದರೆ ಮಾತ್ರ ಅದು ಕೈಗೆ ಸಿಗುತ್ತದೆ. ಆದುದರಿಂದ ಮನೆಯ ಹಿರಿಯರು ಗಟ್ಟಿಯಾಗಿರುವಾಗಲೇ, ಮಕ್ಕಳೂ ಮೊಮ್ಮಕ್ಕಳೂ ಜೊತೆಗೂಡಿ ಪಹಣಿಯನ್ನು ಒಮ್ಮೆ ಪರಿಶೀಲಿಸಿ, ಅಗತ್ಯವಿದ್ದಲ್ಲಿ ಸಂಬಂಧಪಟ್ಟ ನಾಡಕಚೇರಿಗೆ ಅರ್ಜಿ ಸಲ್ಲಿಸಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.