ಉಸಿರನ್ನು ಕಾಯುವ ತೆಳುಪೊರೆ



ಈ ಸಲ ಪ್ರಯೋಗಶಾಲೆಗೆ ಹೋಗುವುದು ಬೇಡ, ಅಡುಗೆಮನೆಯೇ ಸಾಕು. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ, ಅದರ ಮೇಲೆ ಒಂದು ಚಿಟಿಕೆ ಕಾಳುಮೆಣಸಿನ ಪುಡಿ ಉದುರಿಸಿ. ಬೆರಳ ತುದಿಗೆ ಸ್ವಲ್ಪ ಸೋಪು ಸವರಿಕೊಂಡು ನೀರಿನ ನಡುವೆ ಮುಟ್ಟಿ. ತೇಲುತ್ತಿದ್ದ ಪುಡಿ ಥಟ್ಟನೆ ಅಂಚಿಗೆ ಓಡುತ್ತದೆ!

ಹೀಗೇಕೆ? ನೀರಿನ ಅಣುಗಳು ಒಂದನ್ನೊಂದು ಸೆಳೆಯುತ್ತವೆ. ಆದ್ದರಿಂದ ನೀರಿನ ಮೇಲ್ಮೈ ಬಿಗಿದು ಕಟ್ಟಿದ ಬಟ್ಟೆಯಂತಿರುತ್ತದೆ. ಇದಕ್ಕೆ ಮೇಲ್ಮೈ ಎಳೆತ ಎಂದು ಹೆಸರು. ಸೋಪಿನ ಅಣುವಿನ ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ಹಾಗಾಗಿ ಅದು ತಲೆಯನ್ನು ನೀರಿನಲ್ಲಿಟ್ಟು, ಬಾಲವನ್ನು ಗಾಳಿಗೆ ಚಾಚಿ ಗಡಿಯಲ್ಲೇ ನಿಲ್ಲುತ್ತದೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ಇನ್ನೊಂದು ಭಾಷೆ ಎಂದು ಎರಡೂ ಕಡೆ ಸಲ್ಲುವ ನಿಮ್ಮ ಹಾಗೆ! ಅಂಥ ಅಣುಗಳು ಸೇರಿದಲ್ಲಿ ಎಳೆತ ಸಡಿಲಗೊಳ್ಳುತ್ತದೆ. ಸುತ್ತಲಿನ ಬಿಗಿಯಾದ ನೀರು ಪುಡಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ.

ಈ ವಿದ್ಯಮಾನವನ್ನು ಮೊದಲು ಅಳೆದವರಲ್ಲಿ ಒಬ್ಬಳು ಜರ್ಮನಿಯ ಆಗ್ನೆಸ್ ಪೊಕೆಲ್ಸ್. 1862ರಲ್ಲಿ ಹುಟ್ಟಿದ ಆಕೆಯ ಕಾಲದಲ್ಲಿ ಅಲ್ಲಿನ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ತಂದೆತಾಯಿಯರ ಆರೈಕೆ ಮಾಡುತ್ತಲೇ ಆಕೆ ಮನೆಯಲ್ಲಿ ಒಂದು ತಗಡಿನ ತೊಟ್ಟಿಯಿಟ್ಟುಕೊಂಡು, ಅದರ ಮೇಲೆ ತಗಡಿನ ಪಟ್ಟಿ ಸರಿಸುತ್ತ ಜಿಡ್ಡಿನ ಪೊರೆಯನ್ನು ಹಿಗ್ಗಿಸಿ ಕುಗ್ಗಿಸಿ ಪರೀಕ್ಷಿಸಿದಳು. ಇಂಗ್ಲೆಂಡಿನ ಲಾರ್ಡ್ ರಾಲೆಯವರಿಗೆ ಆಕೆ ಬರೆದ ಪತ್ರ 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು.

ಇದರಿಂದ ಯಾರಿಗೇನು ಲಾಭ ಎನ್ನುವಿರಾ? ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಳ್ಳಿ. ದೊಡ್ಡವರ ಶ್ವಾಸಕೋಶದಲ್ಲಿ 30 ಕೋಟಿಗೂ ಮಿಗಿಲಾಗಿ ಪುಟ್ಟ ಗಾಳಿಚೀಲಗಳಿವೆ. ಅವುಗಳ ಒಳಮೈ ಒದ್ದೆ. ಬರೀ ನೀರಿದ್ದಿದ್ದರೆ ಅದರ ಎಳೆತಕ್ಕೆ ಉಸಿರು ಬಿಟ್ಟಾಗಲೆಲ್ಲ ಚೀಲಗಳು ಕುಸಿದು ಮುಚ್ಚಿಕೊಳ್ಳುತ್ತಿದ್ದವು. ಹಾಗಾಗದಂತೆ ಸೋಪಿನ ಗುಣವುಳ್ಳ ಕೊಬ್ಬಿನ ಅಣುಗಳು ಅಲ್ಲಿ ತೆಳುವಾದ ಪೊರೆ ಕಟ್ಟುತ್ತವೆ. ಉಸಿರು ಬಿಟ್ಟಾಗ ಅವು ಒತ್ತೊತ್ತಾಗಿ ನಿಂತು ಎಳೆತವನ್ನು ತೀರ ತಗ್ಗಿಸುತ್ತವೆ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನಲ್ಲಿ ಈ ಅಣುಗಳು ಸಾಕಷ್ಟು ಇರುವುದಿಲ್ಲ. ಪ್ರತಿ ಉಸಿರಿಗೂ ಅದು ಹೆಣಗಬೇಕು. ಕೊರತೆ ಇದರದ್ದೇ ಎಂದು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ 1959ರಲ್ಲಿ ತೋರಿಸಿಕೊಟ್ಟರು. ಆದರೆ ಔಷಧ ಇನ್ನೂ ಇರಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಅವಧಿಗೆ ಮುನ್ನ ಹುಟ್ಟಿದ ಗಂಡುಮಗು ಇದೇ ತೊಂದರೆಯಿಂದ ಎರಡು ದಿನಕ್ಕೇ ತೀರಿಕೊಂಡಿತು. ದೇಶದ ಅಧ್ಯಕ್ಷನ ಮಗುವಿಗೂ ಅಂದು ಬೇರೆ ದಾರಿಯಿರಲಿಲ್ಲ.

1980ರಲ್ಲಿ ಜಪಾನಿನ ವೈದ್ಯ ಫುಜಿವಾರಾ, ಹಸುವಿನ ಶ್ವಾಸಕೋಶದಿಂದ ತೆಗೆದ ಇಂಥ ಅಣುಗಳಿಂದ ಔಷಧ ಸಿದ್ಧಪಡಿಸಿ, 10 ಶಿಶುಗಳ ಶ್ವಾಸನಾಳಕ್ಕೆ ಹನಿಸಿದ ವರದಿ ಪ್ರಕಟಿಸಿದರು. ಶಿಶುಗಳ ಉಸಿರಾಟ ಸುಧಾರಿಸಿತ್ತು. ಇಂದು ಅಂಥ ಔಷಧ ನಮ್ಮ ದೇಶದ ಆಸ್ಪತ್ರೆಗಳಲ್ಲೂ ಕೂಸುಗಳನ್ನು ಉಳಿಸುತ್ತಿದೆ.

ಮೆಣಸಿನ ಪುಡಿಯನ್ನು ಓಡಿಸಿದ ಗುಣವೇ ಕೂಸಿನ ಉಸಿರನ್ನೂ ಉಳಿಸುತ್ತದೆ. ಇಂದು ಸಂಜೆ ಈ ಪ್ರಯೋಗವನ್ನು ತಮ್ಮನಿಗೋ ತಂಗಿಗೋ ಮಾಡಿ ತೋರಿಸಿ. ಕಾರಣವನ್ನು ಕನ್ನಡದಲ್ಲೇ ಹೇಳಿ. ಎಲ್ಲಿಯಾದರೂ ತಡವರಿಸಿದರೆ ಅಜ್ಜಿಯನ್ನು ಕೇಳಿ. ಪದ ಅವರು ಕೊಡುತ್ತಾರೆ, ವಿಜ್ಞಾನ ನೀವು ಕೊಡಿ.