ಎಳೆಯ ಭುಜಕ್ಕೆ ಎಂಥ ಕೋವಿ?

ಮಗಳು ಟ್ರ್ಯಾಪ್ ಶೂಟಿಂಗ್ ಕಲಿಯುತ್ತೇನೆಂದಾಗ ಅಪ್ಪ ಹುಡುಕುವುದು ಹಗುರವಾದ ಕೋವಿಯನ್ನು. ಎಡವುವುದು ಅಲ್ಲೇ. ತೋಟಾ ಒಂದೇ ಆದರೂ ಹಗುರ ಕೋವಿ ಹೆಚ್ಚು ಒದೆಯುತ್ತದೆ. ನಾಲ್ಕು ಏಟು ತಿಂದವಳು ಐದನೆಯದಕ್ಕೆ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾಳೆ. ಆ ಚಾಳಿ ಬಿಡಿಸುವುದು ಕೋಚ್‌ಗೂ ಕಷ್ಟ.

ಮೂರು ಕಿಲೋ ಆಸುಪಾಸಿನ 20 ಬೋರಿನ ಕೋವಿ, ಕಡಿಮೆ ಮದ್ದಿನ ತೋಟಾ ಆರಂಭಕ್ಕೆ ಸಾಕು. (ಬೋರಿನ ಸಂಖ್ಯೆ ಏರಿದಷ್ಟೂ ನಳಿಗೆ ಕಿರಿದು: 12ರದು ಸುಮಾರು 18.5 ಮಿ.ಮೀ., 20ರದು 15.6.) ಭುಜಕ್ಕಾನುವ ಮರದ ಹಿಡಿ ಉದ್ದವಾದರೆ ಕತ್ತರಿಸಿ ಗಿಡ್ಡ ಮಾಡಿಸಬಹುದು. ತುಂಡನ್ನು ಎಸೆಯಬಾರದು, ಮಗಳು ಬೆಳೆಯುತ್ತಾಳೆ.

ಶಸ್ತ್ರಾಸ್ತ್ರ ಕಾಯ್ದೆ ಕೋವಿ ಇಟ್ಟುಕೊಳ್ಳಲು 21 ವರ್ಷ ತುಂಬಿರಬೇಕೆನ್ನುತ್ತದೆ; ಚಿಕ್ಕವರಿಗೆ ನಿಯಮಬದ್ಧ ತರಬೇತಿಯಲ್ಲಷ್ಟೇ ಅವಕಾಶ. ಹಾಗಾಗಿ ಅಂಗಡಿಗಿಂತ ಮೊದಲು ರೈಫಲ್ ಕ್ಲಬ್ಬಿಗೆ ಹೋಗಿ, ಅಲ್ಲಿನ ಕೋವಿಯನ್ನೇ ಅವಳ ಭುಜಕ್ಕಿಟ್ಟು ನೋಡುವುದು ಲೇಸು.