ಅಗ್ಗದ ಕೋವಿ, ಅಗ್ಗದ ಬಿಡಿಭಾಗ: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಮೆಕ್ಕೆಜೋಳದ ತೆನೆಗೆ ಹಾಲು ತುಂಬುವ ಹೊತ್ತಿಗೆ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಸುತ್ತಿನ ಹೊಲಗಳಲ್ಲಿ ರಾತ್ರಿ ಕಾವಲು ಶುರುವಾಗುತ್ತದೆ. ಡಬ್ಬ ಬಡಿಯುವವರು, ಪಟಾಕಿ ಹಚ್ಚುವವರು, ಅಟ್ಟಣಿಗೆ ಮೇಲೆ ಬ್ಯಾಟರಿ ಹಿಡಿದು ಕೂರುವವರು ಇರುತ್ತಾರೆ. ಅವರ ನಡುವೆ ಅಲ್ಲೊಬ್ಬ ಇಲ್ಲೊಬ್ಬರ ಕೈಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯೂ ಇರುವುದುಂಟು. ಕೋವಿ ಇಲ್ಲದವರು ಛರ್ರಾ ಬಂದೂಕು ಕೊಳ್ಳುತ್ತಾರೆ. ಅದಕ್ಕೂ ದುಡ್ಡಿಲ್ಲವೆಂದರೆ ಈಗ ಪೈಪಿನ ಕಾರ್ಬೈಡ್ ಕೋವಿ ಬಂದಿದೆ. ಮೂರರದ್ದೂ ಒಂದೇ ಪ್ರಶ್ನೆ: ಕಡಮೆ ಬೆಲೆಗೆ ಸಿಗುವ ಈ ಭಾಗ ತಾಳುತ್ತದೆಯೇ?

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಕೋವಿಯಲ್ಲಿ ಮದ್ದಿನ ಒತ್ತಡ ತಡೆಯುವ ಭಾಗಗಳು ಬೇರೆ, ಒತ್ತಡವೇ ತಾಗದ ಭಾಗಗಳು ಬೇರೆ. ಹಿಡಿಮರ, ಪಟ್ಟಿ, ಗಜ, ಗುರಿಯ ಮಣಿ, ಇವುಗಳಲ್ಲಿ ಧಾರಾಳವಾಗಿ ಉಳಿಸಿ. ನಳಿಗೆ, ಅದರ ಹಿಂಬದಿಯ ಬಿರಡೆ, ಕೇಪು ಕೂರುವ ನಿಪ್ಪಲ್, ಇವುಗಳಲ್ಲಿ ಒಂದು ರೂಪಾಯಿಯನ್ನೂ ಉಳಿಸಬೇಡಿ. ಕುದುರೆ, ಟ್ರಿಗರ್, ಸ್ಪ್ರಿಂಗು ಒತ್ತಡ ತಡೆಯುವುದಿಲ್ಲ ನಿಜ, ಆದರೆ ಕೋವಿ ಯಾವಾಗ ಹಾರಬೇಕು ಎಂಬುದು ಅವುಗಳ ಕೈಲಿದೆ. ಆದ್ದರಿಂದ ಅವನ್ನೂ ಎರಡನೆಯ ಸಾಲಿಗೆ ಸೇರಿಸಿ.

ಕಡೆಯದರಿಂದಲೇ ಆರಂಭಿಸೋಣ. 2025ರ ಅಕ್ಟೋಬರ್‌ನಲ್ಲಿ, ದೀಪಾವಳಿಯ ಹೊತ್ತಿಗೆ, ಮಧ್ಯಪ್ರದೇಶದ ಭೋಪಾಲ ಮತ್ತು ಸುತ್ತಿನ ಜಿಲ್ಲೆಗಳಲ್ಲಿ ನೂರಕ್ಕೂ ಹೆಚ್ಚು ಜನ, ಹೆಚ್ಚಿನವರು ಮಕ್ಕಳು, ಕಣ್ಣಿಗೆ ಗಾಯ ಮಾಡಿಕೊಂಡು ಆಸ್ಪತ್ರೆ ಸೇರಿದರು. ಕೆಲವರ ದೃಷ್ಟಿಯೇ ಹೋಯಿತು. ಕಾರಣ ಈ ಪ್ಲಾಸ್ಟಿಕ್ ಪೈಪಿನ ಕೋವಿ. ಮಂಗ ಓಡಿಸುವ ಸಾಧನ ಹಬ್ಬದ ಆಟಿಕೆಯಾಗಿ ಬೀದಿಯಲ್ಲಿ ಮಾರಾಟಕ್ಕೆ ಬಂದಿತ್ತು. ಬೆಲೆ ಇನ್ನೂರು ರೂಪಾಯಿಯ ಆಸುಪಾಸು. ಆಮೇಲೆ ಅಲ್ಲಿನ ಸರ್ಕಾರ ಇದನ್ನು ನಿಷೇಧಿಸಿತು.

ಇದರಲ್ಲಿ ಒಳ್ಳೆಯ ಭಾಗ, ಕೆಟ್ಟ ಭಾಗ ಎಂದು ಆರಿಸಲು ಏನೂ ಇಲ್ಲ. ಪೈಪು ನೀರಿನ ಒತ್ತಡಕ್ಕೆ ಮಾಡಿದ್ದು, ಸ್ಫೋಟಕ್ಕಲ್ಲ. ಬಿಸಿಲಿಗೆ ಬಿದ್ದ ಪೈಪು ಪೆಡಸಾಗುವುದನ್ನು ಡ್ರಿಪ್ ಹಾಕಿಸಿದ ಯಾರಿಗೂ ಹೇಳಿಕೊಡಬೇಕಿಲ್ಲ. ಕಾರ್ಬೈಡಿಗೆ ನೀರು ತಾಗಿ ಹುಟ್ಟುವ ಅಸಿಟಿಲಿನ್ ಅನಿಲವಾದರೋ ಗಾಳಿಯಲ್ಲಿ ನೂರಕ್ಕೆ ಎರಡೂವರೆ ಪಾಲಿನಿಂದ ಎಂಬತ್ತರವರೆಗೆ ಎಷ್ಟು ಬೆರೆತರೂ ಸಿಡಿಯಬಲ್ಲದು. ಹಾರಲಿಲ್ಲವೇಕೆ ಎಂದು ಬಾಯಿಗೆ ಕಣ್ಣಿಟ್ಟು ನೋಡಿದ ಗಳಿಗೆಯಲ್ಲಿ ಅದು ಹಾರುತ್ತದೆ. ಜೊತೆಗೆ ಉಳಿಯುವುದು ಸುಣ್ಣ. ಬೆಂಕಿಯ ಗಾಯಕ್ಕೆ ಸುಣ್ಣದ ಸುಡುವಿಕೆಯೂ ಸೇರುತ್ತದೆ. ಕಣ್ಣಿಗೆ ಬಿದ್ದರೆ ತಿಕ್ಕದೆ, ಎಣ್ಣೆ ತುಪ್ಪ ಹಾಕದೆ, ಶುದ್ಧ ನೀರಿನಿಂದ 20 ನಿಮಿಷವಾದರೂ ತೊಳೆದು ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮನೆಯಲ್ಲಿ ಇಂಥದ್ದಿದ್ದರೆ ಇಂದೇ ಮುರಿದು ಹಾಕಿ.

ಛರ್ರಾ ಬಂದೂಕಿನ ಮಾತು ಚಿಕ್ಕದು. 2016ರ ಆಯುಧ ನಿಯಮಗಳ ಪ್ರಕಾರ ರಂಧ್ರ 0.177 ಅಂಗುಲ ಮತ್ತು ಶಕ್ತಿ 20 ಜೂಲ್ ಮೀರದಿದ್ದರೆ ಪರವಾನಗಿ ಬೇಡ. ಇದರಲ್ಲಿ ಮೊದಲು ಕೈಕೊಡುವವು ಎರಡೇ: ಸ್ಪ್ರಿಂಗು ಮತ್ತು ಪಿಸ್ಟನ್ನಿನ ವಾಷರ್. ಚರ್ಮದ ವಾಷರ್ ಎಣ್ಣೆ ಕಾಣದಿದ್ದರೆ ಒಣಗಿ ಗಾಳಿ ಬಿಡುತ್ತದೆ, ಆದರೆ ಎರಡು ಹನಿ ಎಣ್ಣೆಗೆ ಮತ್ತೆ ಚೇತರಿಸಿಕೊಳ್ಳುತ್ತದೆ. ಅಗ್ಗದ ಪ್ಲಾಸ್ಟಿಕ್ ವಾಷರ್ ಸೀಳಿದರೆ ಮುಗಿಯಿತು. ಛರ್ರಾ ಇಲ್ಲದೆ ಖಾಲಿ ಹೊಡೆಯುವ ಚಟ ಎರಡನ್ನೂ ಕೊಲ್ಲುತ್ತದೆ. ಇಲ್ಲಿ ಕೆಟ್ಟ ಭಾಗದಿಂದ ಕಳೆಯುವುದು ಹಣ ಮಾತ್ರ. ನವಿಲಿನ ಮೇಲೆ ಹಾರಿಸಿದರೆ ಮಾತ್ರ ಕಳೆಯುವುದು ಬೇರೆ. ಬಂದೂಕಿಗೆ ಪರವಾನಗಿ ಬೇಡವೆಂದರೆ ಹಕ್ಕಿಗೆ ರಕ್ಷಣೆ ಇಲ್ಲವೆಂದಲ್ಲ.

ಇನ್ನು ಕೇಪಿನ ಕೋವಿ. 1959ರ ಆಯುಧ ಕಾಯಿದೆ ಬೆಳೆ ರಕ್ಷಣೆಗೆಂದು ಮೊದಲು ಹೇಳುವುದು ಬಾಯಿಂದ ಮದ್ದು ತುಂಬುವ ಈ ಕೋವಿಯನ್ನೇ. ಅದು ಸಾಲದು ಎಂದು ಅಧಿಕಾರಿಗೆ ಮನದಟ್ಟಾದರೆ ಬೇರೆ ನಯನಳಿಗೆ ಕೋವಿಗೆ ಪರವಾನಗಿ ಕೊಡಬಹುದು. ಹಾಗಾಗಿ ಹಳ್ಳಿಗಳಲ್ಲಿ ಉಳಿದಿರುವುದರಲ್ಲಿ ಹಳೆಯ ಕೋವಿಗಳೇ ಹೆಚ್ಚು, ಮತ್ತು ಹಳೆಯ ಕೋವಿಗೆ ಬಿಡಿಭಾಗ ಬೇಕೇ ಬೇಕು. ತಾಲ್ಲೂಕು ಊರಿನಲ್ಲಿ ಪರವಾನಗಿ ಉಳ್ಳ ದುರಸ್ತಿಗಾರ ಸಿಗುವುದು ಕಷ್ಟ. ಆಗ ಕಣ್ಣು ಹೋಗುವುದು ಊರ ಕಮ್ಮಾರನ ಕುಲುಮೆಯ ಕಡೆಗೆ.

ಅಲ್ಲಿಯೇ ಎಡವುವುದು. ಕಾಯಿದೆಯ ಕಣ್ಣಿಗೆ ಕೋವಿಯ ಭಾಗವೂ ಆಯುಧವೇ. ಪರವಾನಗಿ ಇಲ್ಲದೆ ಕೋವಿ ತಯಾರಿಸುವುದಷ್ಟೇ ಅಲ್ಲ, ದುರಸ್ತಿ ಮಾಡುವುದೂ ಅಪರಾಧ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ನೇಗಿಲ ಕುಳ ಹದ ಮಾಡುವ ಕೈಗೆ ಕೌಶಲ ಇಲ್ಲವೆಂದು ನಾವು ಹೇಳುತ್ತಿಲ್ಲ. ನಿಮ್ಮ ಒಂದು ಸ್ಪ್ರಿಂಗಿಗಾಗಿ ಆತನ ಮನೆ ಮುರಿಯಬಾರದು ಎಂದಷ್ಟೇ ಹೇಳುತ್ತಿದ್ದೇವೆ.

ಹಾಗಾದರೆ ತಾವೇ ನೋಡಿ ತಿಳಿಯಬಹುದಾದದ್ದು ಏನು? ಬಹಳಷ್ಟಿದೆ. ಮೊದಲು ಕೋವಿ ಖಾಲಿ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ದುರಸ್ತಿಗಾರನ ಎದುರು ಖಾಲಿ ನಳಿಗೆಗೆ ಗಜವನ್ನು ತಳಮುಟ್ಟ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೆರೆ ಕೊರೆಸಿಟ್ಟುಕೊಳ್ಳಿ. ಮುಂದೆ ಯಾವಾಗ ಗಜ ಇಳಿಸಿದರೂ ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಮದ್ದಿದೆ ಎಂದರ್ಥ.

ನಳಿಗೆಯ ಹೊರಮೈ ಮೇಲೆ ಬೆರಳನ್ನು ನಿಧಾನವಾಗಿ ಎಳೆಯಿರಿ. ಉಂಗುರದಂತೆ ಉಬ್ಬು ಸಿಕ್ಕಿದರೆ ಆ ನಳಿಗೆಯ ಆಯಸ್ಸು ಮುಗಿದಿದೆ. ಬಾಯಿಗೆ ಮಣ್ಣು ಕಟ್ಟಿದಾಗ, ಗುಂಡು ಮದ್ದಿನವರೆಗೆ ಇಳಿಯದೆ ನಡುವೆ ನಿಂತಾಗ ಹೀಗಾಗುತ್ತದೆ. ಬೆಸುಗೆ ಹಾಕಿದ ನಳಿಗೆಯನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡ. ತುಕ್ಕಿನ ಗುಳಿಗಳು ಹೆಚ್ಚಾಗಿ ಇರುವುದು ಕಣ್ಣಿಗೆ ಬೀಳುವ ಬಾಯಿಯ ಬಳಿ ಅಲ್ಲ, ಬಿರಡೆಯ ಬಳಿ. ಒತ್ತಡ ಅತಿ ಹೆಚ್ಚಿರುವುದೂ ಅಲ್ಲಿಯೇ. ಅದನ್ನು ಬಿಚ್ಚಿ ನೋಡುವುದು ದುರಸ್ತಿಗಾರನ ಕೆಲಸ. ಹೊಸ ನಳಿಗೆಯಾದರೆ ಪರೀಕ್ಷಾ ಮುದ್ರೆ, ತಯಾರಕರ ಹೆಸರು, ಸಂಖ್ಯೆ ಮೂರೂ ಇರಬೇಕು. ಮುದ್ರೆ ಇಲ್ಲದ್ದು, ಉಜ್ಜಿ ಅಳಿಸಿದ್ದು ಎಷ್ಟು ಹೊಳೆದರೂ ಮುಟ್ಟಬೇಡಿ.

ನಿಪ್ಪಲ್ ಸವೆದದ್ದನ್ನು ಕೋವಿಯೇ ಹೇಳುತ್ತದೆ. ಅದರ ತೂತು ಅಗಲವಾದಂತೆ ಒಳಗಿನ ಅನಿಲ ಹಿಂದಕ್ಕೆ ಒದೆಯುತ್ತದೆ, ಹಾರಿಸಿದಾಗ ಕುದುರೆ ತಾನೇ ಅರ್ಧ ಮೇಲೇಳುತ್ತದೆ, ಕೇಪಿನ ಚೂರು ಕೆನ್ನೆಗೆ ಬಡಿಯುತ್ತದೆ. ಇಂಥ ಕೋವಿಯನ್ನು "ಜೋರಾಗಿದೆ" ಎಂದು ಹೊಗಳುವವರೂ ಇದ್ದಾರೆ! ಹೊಸ ನಿಪ್ಪಲ್ ಕೈಯಲ್ಲೇ ನಾಲ್ಕಾರು ಸುತ್ತು ಸಲೀಸಾಗಿ ಕೂರಬೇಕು. ಕೂರದಿದ್ದರೆ ಅದರ ಎಳೆ ಬೇರೆ. ಬಲವಂತವಾಗಿ ತಿರುಗಿಸಿದರೆ ನಳಿಗೆಯ ಎಳೆ ಸವೆಯುತ್ತದೆ, ಮುಂದೊಂದು ದಿನ ಆ ಚೂರೇ ಗುಂಡಾಗಿ ಹಿಂದಕ್ಕೆ ಬರುತ್ತದೆ.

ಕುದುರೆ ಮತ್ತು ಟ್ರಿಗರಿನಲ್ಲಿ ಎರಕದ ಮಾಲು ಹೇರಳ. ಹೊಳಪು ನೋಡಬೇಡಿ, ಅಚ್ಚಿನ ಗೆರೆ ನೋಡಿ. ಅರ ಎಳೆದರೆ ಹದ ಮಾಡಿದ ಉಕ್ಕಿನ ಮೇಲೆ ಜಾರುತ್ತದೆ, ಮೆದು ಲೋಹವನ್ನು ಕಚ್ಚುತ್ತದೆ. ಅಂಗಡಿಯವನು ಮಾದರಿ ತುಂಡಿನ ಮೇಲೆ ಒಂದೆಳೆತ ಎಳೆದು ತೋರಿಸಲು ಹಿಂಜರಿದರೆ ಹಾಗೆಯೇ ಹಿಂತಿರುಗಿ. ಮೆದು ಲೋಹದ ಹಲ್ಲು ಒಂದೆರಡು ಹಂಗಾಮಿಗೆ ದುಂಡಾಗುತ್ತದೆ, ಕುದುರೆ ಅರ್ಧದಲ್ಲಿ ನಿಲ್ಲದೆ ಜಾರುತ್ತದೆ. ಅಟ್ಟಣಿಗೆ ಏಣಿ ಹತ್ತುವಾಗ ಅದು ಜಾರಿದರೆ ಕೆಳಗೆ ನಿಂತವರು ಯಾರೆಂದು ಯೋಚಿಸಿ. ಸ್ಪ್ರಿಂಗು ಸಡಿಲಾದುದರ ಗುರುತು, ಮೊದಲ ಬಡಿತಕ್ಕೆ ಹಾರದೆ ಎರಡನೆಯದಕ್ಕೆ ಹಾರುವುದು. ಹಾರದಿದ್ದಾಗ ಬಾಯನ್ನು ಬಯಲ ಕಡೆಗೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು.

ಆದರೆ ಒಳ್ಳೆಯ ಭಾಗವನ್ನೂ ಕೆಡಿಸುವುದು ನಮ್ಮದೇ ಆಲಸ್ಯ. ಕರಿಮದ್ದಿನ ಮಸಿ ತೇವ ಎಳೆಯುತ್ತದೆ. ಅದರ ಮೇಲೆಯೇ ಎಣ್ಣೆ ಬಳಿದರೆ ಒಳಗೊಳಗೆ ತುಕ್ಕು ತಿನ್ನುತ್ತದೆ. ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಒರೆಸಬೇಕು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ತೊಳೆದು ಒರೆಸಿ ಪೂಜೆಗೆ ಇಡುತ್ತಾರೆ. ನಮ್ಮಲ್ಲಿ ಆಯುಧಪೂಜೆಗೆ ಹಚ್ಚಿದ ಒದ್ದೆ ಕುಂಕುಮ ಮುಂದಿನ ಆಯುಧಪೂಜೆಯವರೆಗೂ ಇರುತ್ತದೆ. (ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದಲೇ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ನಮಗೆ ಆ ಭಾಗ್ಯವಿಲ್ಲ.)

ನಮಗಿರುವುದು ಅಲೆದಾಟ. 1997ಕ್ಕೆ ಮುಂಚೆ ಪರವಾನಗಿ ಪಡೆದ ಬಾಗಳಿಯ ರೈತ ಬಳ್ಳಾರಿಯವನಾಗಿದ್ದ. ಆ ವರ್ಷ ದಾವಣಗೆರೆಗೆ ಸೇರಿದ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ. ಊರು ಕದಲಲಿಲ್ಲ, ಕಚೇರಿ ಕದಲಿತು. ಹರಪನಹಳ್ಳಿಗೆ ದಾವಣಗೆರೆಗಿಂತ ಹೊಸಪೇಟೆ ಸುಮಾರು ದುಪ್ಪಟ್ಟು ದೂರ. ಪುಸ್ತಕದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ ನಮೂದಾಗಿದೆಯೇ ನೋಡಿಕೊಳ್ಳಿ. ಅದಿಲ್ಲದ ಪರವಾನಗಿ ಈಗ ನಡೆಯುವುದಿಲ್ಲ. ನವೀಕರಣ 3 ವರ್ಷದ ಬದಲು 5 ವರ್ಷಕ್ಕೊಮ್ಮೆ ಆದದ್ದೊಂದೇ ಸಮಾಧಾನ. ಮದ್ದು ತುಂಬಿ ಕಾಡುಹಂದಿಯ ಮೇಲೆ ಹಾರಿಸುವುದು ಬೇರೆಯೇ ವಿಷಯ. 2022ರ ತಿದ್ದುಪಡಿಯ ಮೇಲೆ ಹಂದಿ ವನ್ಯಜೀವಿ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದೆ, ಕರಡಿ ಒಂದನೆಯದರಲ್ಲಿ. ಕೋವಿಯ ಪರವಾನಗಿ ಬೇಟೆಯ ಅನುಮತಿ ಅಲ್ಲ. ಪೈರು ತಿನ್ನುವ ಪ್ರಾಣಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಲಿಖಿತ ಆದೇಶ ಬೇಕು. ಗುಡೇಕೋಟೆಯ ಕರಡಿಧಾಮ ಪಕ್ಕದ ಕೂಡ್ಲಿಗಿ ತಾಲ್ಲೂಕಿನಲ್ಲೇ ಇರುವಾಗ ಕತ್ತಲಲ್ಲಿ ಕಂಡ ಕಪ್ಪು ಆಕಾರ ಹಂದಿಯೇ ಎಂದು ಹೇಳುವವರಾರು? ಸದ್ದಿಗಷ್ಟೇ ಹಾರಿಸಿದರೂ ಒತ್ತಡ ತಡೆಯಬೇಕಾದದ್ದು ಅದೇ ನಳಿಗೆ, ಅದೇ ನಿಪ್ಪಲ್.

ಇನ್ನೊಂದು ಮಾತು. ಚುನಾವಣೆ ಬಂದಾಗ ಕೋವಿ ಠಾಣೆಗೆ ಹೋಗುತ್ತದೆ, ಅಲ್ಲಿ ವಾರಗಟ್ಟಲೆ ಗೋಡೆಗೆ ಒರಗುತ್ತದೆ. ಒಪ್ಪಿಸುವ ಹಿಂದಿನ ದಿನವೇ ತೊಳೆದು, ಒಣಗಿಸಿ, ಎಣ್ಣೆ ಹಾಕಿ, ನಿಪ್ಪಲ್ ಮೇಲೆ ಎಣ್ಣೆಯ ಬಟ್ಟೆ ಸುತ್ತಿ ಕೊಡಿ. ರಸೀತಿಯಲ್ಲಿ ಕೋವಿಯ ಸಂಖ್ಯೆಯ ಜೊತೆಗೆ ನಳಿಗೆ ಮತ್ತು ಕುದುರೆಯ ಸ್ಥಿತಿಯನ್ನೂ ಬರೆಯಿಸಿಕೊಳ್ಳಿ. ಮರಳಿ ಪಡೆದ ದಿನ ಗಜ ಇಳಿಸಿ ಗೆರೆ ನೋಡಿದ ಮೇಲೆಯೇ ಮನೆಯೊಳಗೆ ತನ್ನಿ.